ನಾಲ್ಕು ಬೆರಳಿನ ಪಾದ

ಶ್ರೀಜಯಂತಿ ಕಳೆದು ಮೂರನೆಯ ದಿನ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಿನ್ನ ಪದ್ಮಾಸನಿಯ ನಮಸ್ಕಾರಗಳು. ಚೆನ್ನಾಗಿದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆಯದಿದ್ದರೆ ನೀನು ಮುಂದಕ್ಕೆ ಓದುವುದಿಲ್ಲ. ಆದ್ದರಿಂದ ಬರೆದಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಒಂದು ವಿಷಯ ನಿನ್ನಿಂದ ಮುಚ್ಚಿಟ್ಟಿದ್ದೆ. ನಾನೊಂದು ನಾಯಿಮರಿ ಸಾಕಿದ್ದೇನೆ. ಅದೂ ಶ್ರೀರಂಗದ ಕೋಮಳವಲ್ಲಿ ಮಾಮಿಯ ಮನೆಯಲ್ಲಿ!

ಮಾಮಿ ಎಂಥವರೆಂದು ನಿನಗೆ ಬರೆದಿದ್ದೆನಲ್ಲ. ಹಾಲಿನವನ ಬೆರಳು ತಾಗಿದರೆ ಪಾತ್ರೆಯನ್ನು ಮತ್ತೆ ತೊಳೆಯುವವರು. ಮನೆಯ ಹಿಂಭಾಗವನ್ನು ನನಗೆ ಬಾಡಿಗೆಗೆ ಕೊಟ್ಟ ದಿನ ಬಾಗಿಲಲ್ಲೇ ನಿಲ್ಲಿಸಿ, "ಮೊಟ್ಟೆ ತರೋ ಹಾಗಿಲ್ಲ, ಈರುಳ್ಳಿ ವಾಸನೆ ನಡುಮನೆಗೆ ಬರೋ ಹಾಗಿಲ್ಲ. ನಾಯಿ ಬೆಕ್ಕು ಕಂಡ್ರೆ ಅವತ್ತೇ ಗಂಟುಮೂಟೆ ಕಟ್ಟು" ಎಂದಿದ್ದರು. ಆದರೆ ಅದಕ್ಕೂ ಮೊದಲು ಒಂಬತ್ತು ಮನೆಗಳಲ್ಲಿ "ಯಜಮಾನ್ರು ಎಲ್ಲಿ?" ಎಂದು ಕೇಳಿ ನನ್ನನ್ನು ಸಾಗಹಾಕಿದ್ದರು. ಮಾಮಿ ಮಾತ್ರ ಅದೊಂದನ್ನು ಕೇಳಲಿಲ್ಲ. ಈ ಮನೆ ತಪ್ಪಿದರೆ ನನಗೆ ಉಳಿಯುವುದು ಸೇಲಂ, ನನ್ನ ಗಂಡನ ಮನೆ. ಅಷ್ಟು ಗೊತ್ತಿದ್ದೂ ಮರಿ ತಂದೆ.

ಕೊಳ್ಳಿಡಂ ನದಿಯ ದಂಡೆಯಲ್ಲಿ ಅದರ ತಾಯಿ ಸತ್ತು ಬಿದ್ದಿತ್ತು, ಪಾಪ ಅನ್ನಿಸಿತು ಎಂದು ಬರೆಯೋಣವೆಂದಿದ್ದೆ. ಪಾಪ ಅನ್ನಿಸಿದ್ದು ನಿಜ. ತಂದದ್ದು ಅದಕ್ಕಲ್ಲ. ತಮಿಳರ ಆಡಿ ತಿಂಗಳ ಕೊನೆಯ ಶುಕ್ರವಾರ ನಾನು ಪಾಠ ಮಾಡುವ ಶಾಲೆ ಬಿಡುವ ಹೊತ್ತಿಗೆ ಯಜಮಾನರು ಎದುರಿನ ಹೂವಿನಂಗಡಿಯಲ್ಲಿ ನಿಂತಿದ್ದರು. ನನ್ನನ್ನು ನೋಡಿ ನಕ್ಕರು. ಅಂದಿನಿಂದ ಹಿಂಬಾಗಿಲಿನ ಅಗುಳಿಯನ್ನು ದಿನಕ್ಕೆ ಇಪ್ಪತ್ತು ಸಲ ಮುಟ್ಟಿ ನೋಡುತ್ತಿದ್ದೆ. ಯಾರಾದರೂ ಬಂದರೆ ಬೊಗಳಲು ನನ್ನ ಹತ್ತಿರ ಒಂದು ಜೀವ ಬೇಕಾಗಿತ್ತು, ಅಮ್ಮ.

ಆದರೆ ನನ್ನ ಬುದ್ಧಿ ನೋಡು. ಬೊಗಳಲಿ ಎಂದು ತಂದ ಮರಿಗೆ ಬೊಗಳದಿರುವ ಪಾಠ. ಅದು ಬಾಯಿ ತೆರೆದಾಗಲೆಲ್ಲ ಬೆರಳಿಗೆ ಮೊಸರು ಹಚ್ಚಿ ಚೀಪಿಸುತ್ತಿದ್ದೆ. ಹತ್ತೇ ದಿನಕ್ಕೆ ಕಲಿತುಬಿಟ್ಟಿತು. ನಾನು ಶಾಲೆಯಿಂದ ಬರುವತನಕ ಅಡುಗೆಮನೆಯ ಮೂಲೆಯಲ್ಲಿ ಕುಂಯ್ ಎನ್ನದೆ ಮುದುರಿಕೊಂಡಿರುತ್ತಿತ್ತು. ಅವರು ನನ್ನ ಎಡ ಮಣಿಕಟ್ಟು ಮುರಿದಾಗ ನೀನು, ಮೆಟ್ಟಿಲಿಂದ ಬಿದ್ದೆ ಅಂತ ಹೇಳು, ಬಾಯಿ ಮುಚ್ಚಿಕೊಂಡಿದ್ದರೆ ಸಂಸಾರ ಉಳಿಯುತ್ತೆ ಎಂದಿದ್ದೆಯಲ್ಲ. ಅದು ನೆನಪಾಗಿ ಒಂದು ದಿನ ಮರಿಯನ್ನು ತಬ್ಬಿಕೊಂಡು ಅತ್ತೆ. ನಿನ್ನನ್ನು ನೋಯಿಸಲು ಬರೆಯುತ್ತಿಲ್ಲ.

ಈ ಸಲ ಶ್ರೀಜಯಂತಿಗೆ, ಕೃಷ್ಣ ಹುಟ್ಟಿದ ಹಬ್ಬಕ್ಕೇ, ಮಾಮಿಗೆ ಮಂಡಿನೋವು. ಬೀದಿ ಬಾಗಿಲಿನಿಂದ ದೇವರ ಕೋಣೆಯವರೆಗೆ ಪುಟ್ಟ ಕೃಷ್ಣನ ಹೆಜ್ಜೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಲಸಿದ ಅಕ್ಕಿಹಿಟ್ಟಿನಲ್ಲಿ ಮುಷ್ಟಿ ಅದ್ದಿ ಒತ್ತುತ್ತ, ಮೇಲೆ ಐದೈದು ಬೆರಳಿನ ಚುಕ್ಕಿ ಇಡುತ್ತ ದೇವರ ಕೋಣೆ ಮುಟ್ಟಿದೆ. ಆಮೇಲೆ ತಿರುಗಿ ನೋಡಿದೆ. ನಾನು ಒಳಬಾಗಿಲನ್ನು ಸರಿಯಾಗಿ ಹಾಕಿರಲಿಲ್ಲ. ಮರಿ ಹಸಿ ಹಿಟ್ಟು ತುಳಿದು, ನಡುಮನೆಯಿಂದ ನನ್ನ ಅಡುಗೆಮನೆಯವರೆಗೆ ತನ್ನದೇ ಹೆಜ್ಜೆ ಮೂಡಿಸಿಕೊಂಡು ಹೋಗಿತ್ತು. ಒರೆಸಲೆಂದು ಸೆರಗು ಹಿಡಿಯುವಷ್ಟರಲ್ಲಿ ನೈವೇದ್ಯಕ್ಕೆ ಕರಿದ ಸೀಡೆ ಉಂಡೆಗಳ ತಟ್ಟೆ ಹಿಡಿದು ಮಾಮಿ ಬಂದೇಬಿಟ್ಟರು.

"ಇದೇನೇ, ಕೃಷ್ಣನಿಗೆ ನಾಲ್ಕೇ ಬೆರಳಾ? ಮಕ್ಕಳಿಗೆ ಲೆಕ್ಕ ಹೇಳ್ಕೊಡೋಳು ಬೇರೆ ನೀನು!" ಎಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಬೆಣ್ಣೆ ಇರೋದು ದೇವ್ರ ಕೋಣೇಲಿ. ಇವನ್ಯಾಕೆ ನಿನ್ ಅಡುಗೆಮನೆಗೆ ಹೋಗಿದಾನೆ?"

 ಮನೆ ಹೋಯಿತು ಅಂದುಕೊಂಡೆ. ಅದೇ ಹೊತ್ತಿಗೆ ಯಾರೋ ಹಿಂಬಾಗಿಲು ಬಡಿದರು. ಮೊಸರು, ಪಾಠ ಎಲ್ಲ ಮರೆತು ಮರಿ ಬೊಗಳಲು ಶುರುಮಾಡಿತು.

"ಪದ್ಮಾ, ಬಾಗಿಲು ತೆಗಿ. ಮೂರು ತಿಂಗಳಾಯ್ತು, ಸಾಕು ನಿನ್ನಾಟ."

ಅವರ ದನಿ. ನಾನು ಗೋಡೆಯ ಮರೆಗೆ ಸರಿದೆ. ಮಾಮಿ ನನ್ನ ಮುಖ ನೋಡಿದರು, ನಾನು ಅವುಚಿ ಹಿಡಿದಿದ್ದ ಎಡಗೈ ನೋಡಿದರು. ತಟ್ಟೆ ಕೆಳಗಿಟ್ಟು, ನೋಯುವ ಮಂಡಿಯಲ್ಲೇ ನಡೆದುಹೋಗಿ ಸರಪಳಿ ಬಿಚ್ಚದೆ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದರು.

"ಯಾವ ಪದ್ಮಾ? ಇಲ್ಲಿ ಯಾರೂ ಇಲ್ಲ."

"ಬಾಡಿಗೆಗಿದಾಳಲ್ಲ ಮಾಮಿ, ನನ್ ಹೆಂಡ್ತಿ."

"ಯಾರಯ್ಯಾ ನಿಂಗೆ ಮಾಮಿ? ಹಬ್ಬದ ದಿನ ಹಿತ್ತಿಲ ಬಾಗಿಲಿಗೆ ಬರೋನು ನೆಂಟನೋ ಕಳ್ಳನೋ? ಇದು ನಮ್ಮನೆ ನಾಯಿ. ಕಚ್ಚುತ್ತೆ. ಬಿಡ್ಲಾ?"

ಗೇಣುದ್ದದ ಮರಿ, ಅಮ್ಮ! ಮಾಮಿಯ ಕಾಲ ಸಂದಿಯಲ್ಲಿ ನಿಂತು ಮೈಯೆಲ್ಲ ನಡುಗಿಸುತ್ತ ಬೊಗಳುತ್ತಿತ್ತು. ಅವರು ನಾಳೆ ಬರ್ತೀನಿ ಎಂದು ಹೇಳಿ ಹೋದರು.

ಮಾಮಿ ಬಾಗಿಲು ಹಾಕಿ ಬಂದು ನನಗೆ ಚೆನ್ನಾಗಿ ಮಂಗಳಾರತಿ ಮಾಡಿದರು. "ನನ್ ಮಡಿ ಕೆಟ್ಟು ಕೆರ ಹಿಡೀತು. ಹಬ್ಬದ ದಿನ ಬಾಯಲ್ಲಿ ಸುಳ್ಳೂ ಹೇಳಿಸ್ದೆ. ನಾಳೆ ಬೆಳಿಗ್ಗೆ ನೀನು ಈ ಮನೇಲಿ ಇರಕೂಡ್ದು."

ಮರಿಯನ್ನು ಎಲ್ಲಾದರೂ ಬಿಟ್ಟುಬರುತ್ತೇನೆಂದು ಕಾಲು ಹಿಡಿದೆ.

"ನಾಯಿಗೋಸ್ಕರ ಅಲ್ಲ ಕಣೇ ಪೆದ್ದಿ! ಅವನು ಮತ್ತೆ ಬರ್ತಾನೆ" ಎಂದರು. ಆಗ ಅವರ ದನಿಯೂ ನಡುಗಿತು. ಅವರಿಗೂ ಭಯವಾಗಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ.

ಬೆಳಿಗ್ಗೆ ತಮಗೆ ಗೊತ್ತಿದ್ದವರ ಮನೆಗೆ ಚೀಟಿ ಬರೆದುಕೊಟ್ಟು ಬಸ್ಸು ಹತ್ತಿಸಿದರು. ಮರಿಯನ್ನು ಮಾತ್ರ ಮುಟ್ಟಲಿಲ್ಲ. ಅದರ ಬುಟ್ಟಿಗೆ ಎರಡು ಸೀಡೆಯನ್ನು ಮೇಲಿನಿಂದಲೇ ಹಾಕಿದರು. ಇಲ್ಲಿಯ ಮನೆಯವರಿಗೆ ಮರಿಯ ವಿಷಯ ಬಾಗಿಲಲ್ಲೇ ಹೇಳಿದೆ, ಇರಲಿ ಎಂದರು. ಈಗ ಯಾರು ಬಂದರೂ ಅದು ಬೊಗಳುತ್ತದೆ. ಪ್ರತಿ ಸಲವೂ ನನ್ನ ಜೀವ ಬಾಯಿಗೆ ಬರುತ್ತದೆ, ಆದರೂ ಸುಮ್ಮನಿರು ಎಂದು ಗದರುವುದಿಲ್ಲ. ನೀನು ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ.

ನಿನ್ನ ಮಗಳು
ಪದ್ಮಾಸನಿ

ಮತ್ತೆ: ಅವರು ಬಡಿದ ಹಿಂಬಾಗಿಲು ಓಣಿಯ ಕಡೆಗಿದೆ, ನಾನಿದ್ದದ್ದು ಅದರ ಹಿಂದೆ ಎನ್ನುವುದು ಆ ಬೀದಿಯವರಿಗೇ ಗೊತ್ತಿರಲಿಲ್ಲ. ನಾನು ಅದನ್ನು ಬರೆದು ತಿಳಿಸಿದ್ದು ನಿನಗೊಬ್ಬಳಿಗೇ. ಈ ಪತ್ರದಲ್ಲಿ ವಿಳಾಸ ಹುಡುಕಬೇಡ ಅಮ್ಮ, ಬರೆದಿಲ್ಲ. ಲಕೋಟೆಯ ಮೇಲಿನ ಅಂಚೆ ಮುದ್ರೆಯೂ ಬೇರೆ ಊರಿನದು.