ಹುಟ್ಟುವ ಮೊದಲೇ ಹಡಗು ಹತ್ತಿದವಳು

'ವಿಲೋ' ಹಡಗು, ಸ್ಪಿಟ್‌ಹೆಡ್
೧೨ ಮಾರ್ಚ್ ೧೭೭೯

ಪ್ರೀತಿಯ ಹಾನರ್,

ಫೋವಿಯಿಂದ ನೀನು ಬರೆದ ಪತ್ರ ಸೋಮವಾರ ಕೈಸೇರಿತು. ಹೆಣ್ಣುಮಗು, ಇಬ್ಬರೂ ಕ್ಷೇಮ ಎಂದು ಓದಿ ಹಡಗಿನ ಆ ತುದಿಯಿಂದ ಈ ತುದಿಗೆ ಹುಚ್ಚನ ಹಾಗೆ ಓಡಾಡಿದೆ. ಆಮೇಲೆ ಥಟ್ಟನೆ ನಿಂತೆ. ಬೈಯಬೇಡ, ಒಂದು ಘನಕಾರ್ಯ ಮಾಡಿಟ್ಟಿದ್ದೆ.

ಕಪ್ತಾನರು ತಮ್ಮ ಗಂಡುಮಕ್ಕಳ ಹೆಸರನ್ನು ಹಡಗಿನ ಹಾಜರಿ ಪುಸ್ತಕಕ್ಕೆ ಸೇರಿಸುವುದು ನಿನಗೆ ಗೊತ್ತಲ್ಲ. ಹುಡುಗ ತೊಟ್ಟಿಲಲ್ಲಿದ್ದರೂ ಸಮುದ್ರದ ಸೇವೆಯ ವರ್ಷಗಳು ಏರುತ್ತಿರುತ್ತವೆ. ಆರು ವರ್ಷದ ಸೇವೆ ತುಂಬದೆ ಲೆಫ್ಟಿನೆಂಟ್ ಪರೀಕ್ಷೆಗೆ ಬಿಡುವುದಿಲ್ಲ. ಮೀನುಗಾರನ ಮಗನಾದ ನನಗೆ ಹಾಗೆ ಹೆಸರು ಬರೆಸುವವರು ಯಾರಿದ್ದರು? ಹದಿನಾಲ್ಕು ವರ್ಷ ಹಗ್ಗ ಎಳೆದ ಮೇಲೆ ಪರೀಕ್ಷೆ, ಇನ್ನೊಂಬತ್ತು ವರ್ಷದ ಮೇಲೆ ಈ ಪುಟ್ಟ ಹಡಗು. ನನ್ನ ಮಗ ಹಾಗೆ ಕಾಯಬಾರದೆಂದು, ನೀನಿನ್ನೂ ಬಸುರಿಯಿರುವಾಗಲೇ 'ಜಾನ್ ಟ್ರೆವೀನ್' ಎಂದು ಬರೆದುಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಜಾಣ ನಾನು!

ಸುಳ್ಳು ಹಾಜರಿ ಸಿಕ್ಕಿಬಿದ್ದರೆ ಹಡಗು ಕೈಬಿಟ್ಟಂತೆಯೇ. ಅಷ್ಟರಲ್ಲಿ ಹೊಸ ಅಡ್ಮಿರಲ್ ಗುರುವಾರ ಬಂದು ಒಬ್ಬೊಬ್ಬರ ಹೆಸರನ್ನೂ ಕೂಗಿಸುತ್ತಾರೆಂದು ಸುದ್ದಿ ಬಂತು. ನಮ್ಮ ಗುಮಾಸ್ತ ಪಾಸ್ಕೋ ಉಪಾಯ ಹೇಳಿದ: "ಓಡಿಹೋದ ಅಂತ ಬರೀರಿ ಸಾಹೇಬ್ರೇ." ಹತ್ತು ದಿನದ ಕೂಸು ಎಲ್ಲಿಗಯ್ಯಾ ಓಡುತ್ತೆ, ಆಮೇಲೆ ಹುಡುಕಿಸುತ್ತಾರೆ ಎಂದು ಗದರಿದೆ. "ಹಾಗಾದ್ರೆ ಸತ್ತ ಅಂತ ಬರೀರಿ. ಸತ್ತೋರನ್ನ ಯಾರೂ ಹುಡುಕಲ್ಲ."

ಲೇಖನಿ ಹಿಡಿದೆ ಹಾನರ್. ಎರಡು ವರ್ಷದ ಹಿಂದೆ ನಾವು ಮಣ್ಣಿಗೆ ಕೊಟ್ಟ ಕಂದ ಕಣ್ಣೆದುರು ಬಂತು. ಕೈ ಏಳಲಿಲ್ಲ. ಹಡಗು ಹೋದರೆ ಹೋಗಲಿ, ಅಪ್ಪನ ದೋಣಿ ಇದ್ದೇ ಇದೆ ಎಂದುಕೊಂಡು, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನಾನೇ ಅಡ್ಮಿರಲ್ ಸಾಹೇಬರ ಹತ್ತಿರ ಹೋದೆ.

ಎಲ್ಲ ಕೇಳಿ ಅವರ ಮುಖ ಕೆಂಪೇರಿತು. "ಎಲ್ರೂ ಮಾಡ್ತಾರೆ ಸ್ವಾಮಿ" ಎಂದೆ.

"ಮಾಡ್ತಾರೆ, ಗೊತ್ತು. ಹುಟ್ಟೋಕ್ ಮುಂಚೆನೇ ಯಾವನೂ ಮಾಡಿಲ್ಲ ಕಣಯ್ಯ! ಅದೂ ಹೆಣ್ಣುಮಗೂನ!" ಎಂದು ಗುಡುಗಿದರು. ಆಮೇಲೆ, "ಸತ್ತ ಅಂತ ಬರೆದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಯಾಕೆ ಬರೀಲಿಲ್ಲ?" ಎಂದು ಕೇಳಿದರು.

"ಆಗ್ಲಿಲ್ಲ ಸ್ವಾಮಿ. ಒಂದನ್ನ ಹೂತಿದೀನಿ."

ಅವರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಲೇಖನಿಯನ್ನು ಮಸಿಯಲ್ಲಿ ಅದ್ದಿದರು.

ಜಾನ್‌ನ ಹೆಸರನ್ನು ಅವರೇ ಹೊಡೆದುಹಾಕಿದರು. ಹಡಗು ನನ್ನಲ್ಲೇ ಉಳಿಯಿತು. ಆದರೆ ನನಗೆ ಸಿಗಬೇಕಿದ್ದ ವೆಸ್ಟ್ ಇಂಡೀಸ್ ಯಾತ್ರೆ ತಪ್ಪಿತು, ಅದರ ಜೊತೆ ಬಡ್ತಿಯೂ. ಪ್ಲಿಮತ್‌ನಿಂದ ಫೋವಿಯವರೆಗೆ ಸರಕಿನ ಹಡಗುಗಳನ್ನು ಕಾಯುವುದು ನನಗೆ ಶಿಕ್ಷೆಯಂತೆ. ಫೋವಿ, ಹಾನರ್! ತಿಂಗಳಿಗೊಮ್ಮೆ ಮನೆಯೂಟ. ಇಂಥ ಶಿಕ್ಷೆ ಯಾರಿಗುಂಟು ಯಾರಿಗಿಲ್ಲ! ಬಡ್ತಿಗೆ ಇನ್ನೂ ಕಾಲವಿದೆ, ಕಾಯುವುದು ನನಗೇನು ಹೊಸದಲ್ಲ. ಏಪ್ರಿಲ್ ಮೊದಲ ವಾರ ಬರುತ್ತೇನೆ.

ನಿನ್ನವನೇ ಆದ,
ಡಿಗರಿ ಟ್ರೆವೀನ್

ಇನ್ನೊಂದು ಮಾತು: ಹೊರಡುವಾಗ ಸಾಹೇಬರು ಮಗಳ ಹೆಸರೇನೆಂದು ಕೇಳಿದರು. ನಿನ್ನ ಪತ್ರದಲ್ಲಿ ಹೆಸರೇ ಇರಲಿಲ್ಲ. ಹೆಣ್ಣೆಂದು ನಾನು ಮುಖ ಗಂಟಿಕ್ಕುವೆನೆಂಬ ಹೆದರಿಕೆಗೆ ನೀನು ಇನ್ನೂ ಇಟ್ಟಿಲ್ಲವೆಂದು ಆಗ ಹೊಳೆಯಿತು, ಸಂಕಟವಾಯಿತು. ಮತ್ತೆ ನಿನ್ನನ್ನು ಕೇಳದೆಯೇ 'ಲವ್‌ಡೇ' ಎಂದುಬಿಟ್ಟೆ, ನಿನ್ನ ಅವ್ವನ ಹೆಸರು. ಸಾಹೇಬರು ಅವಳ ಆಯಸ್ಸಿಗೆಂದು ಒಂದು ಲೋಟ ವೈನ್ ಕುಡಿದದ್ದೂ ಆಯಿತು. ಈ ಹೆಸರನ್ನು ಮಾತ್ರ ಯಾರೂ ಹೊಡೆದುಹಾಕುವಂತಿಲ್ಲ.