ಗೇಟು ತೆಗೀಬೇಕೋ ಬ್ಯಾಡೋ

ಹೂವಿನಹಡಗಲಿ
೯ ಫೆಬ್ರವರಿ ೨೦೨೫

ಪ್ರೀತಿಯ ತಮ್ಮ ಗಾದಿಲಿಂಗನಿಗೆ ಅಕ್ಕ ನಾಗರತ್ನಳ ಆಶೀರ್ವಾದ.

ನಾವು ತಾಯಿ ಮಗಳು ಆರಾಮ ಇದ್ದೇವೆ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ದೀಪಾವಳಿಗೇ ಬರೆಯಬೇಕಿತ್ತು, ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಿನ್ನ ಭಾವನ ಮಣ್ಣಿಗೆ ಬಂದು ಹೋದವನು ಮತ್ತೆ ಈ ಹೊಸ್ತಿಲು ತುಳಿದಿಲ್ಲ. ಗೋಡೆಯ ಜೊತೆ ನಾನೊಬ್ಬಳೇ ಮಾತಾಡಿ ಸಾಕಾಗಿದೆ.

ಆದರೆ ಈ ವಾರದ ಸುದ್ದಿ ಕೇಳು! ನಿನ್ನ ಸೋದರಸೊಸೆ ಕ್ರಾಂತಿಗೆ ಬಿ.ಎಡ್.ನಲ್ಲಿ ಒಂದು ಪಾಠ ಬಂದಿದೆ. ಸರಿ ತಪ್ಪು ಯೋಚಿಸುವುದನ್ನು ಮನುಷ್ಯ ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತಾನಂತೆ. ಮೊದಲು ಏಟಿನ ಹೆದರಿಕೆ, ಆಮೇಲೆ ನನಗೇನು ಸಿಗುತ್ತದೆ ಅನ್ನೋದು, ಆಮೇಲೆ ನಾಲ್ಕು ಜನರ ಮೆಚ್ಚುಗೆ, ಅದರ ಮೇಲೆ ಕಾಯ್ದೆ. ಇನ್ನೂ ಮೇಲೆ ಹತ್ತಿದವರು ಕಾಯ್ದೆ ಯಾಕಿದೆ ಎಂದೇ ಕೇಳುತ್ತಾರಂತೆ. ಕೂದಲು ನೆರೆತ ಮೇಲೂ ಹತ್ತಬಹುದಂತೆ ಗಾದಿಲಿಂಗ! ನಾನು ಏಳನೇ ಕ್ಲಾಸಿಗೇ ಎಲ್ಲ ಮುಗಿಯಿತು ಅಂದುಕೊಂಡಿದ್ದೆ.

ಜನರಿಗೆ ಒಂದು ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡು ಬನ್ನಿ ಎಂದು ಕಾಲೇಜಿನಲ್ಲಿ ಹೇಳಿದ್ದಾರೆ. ಕ್ರಾಂತಿ ನಾವು ಹೂ ಕಟ್ಟುವ ಕಟ್ಟೆಗೇ ಬಂದು ಕೂತಳು. "ಕೊಟ್ಟೂರಿನ ಕಡೆ ಒಂದು ರೈಲ್ವೆ ಗೇಟು. ರೈಲು ಬರೋ ಹೊತ್ತು, ಗೇಟು ಹಾಕ್ಯಾರ. ಆಟೋದಾಗ ಹೆರಿಗಿ ನೋವು ತಿನ್ನೋ ಹೆಣ್ಮಗಳು. ಗೇಟಿನವ ತೆಗೀಬೇಕೋ ಬ್ಯಾಡೋ?"

ಪಕ್ಕದ ಮನೆ ಹುಲುಗಮ್ಮನ ಮೊಮ್ಮಗಳು, ಇನ್ನೂ ಅಂಗನವಾಡಿ ಕೂಸು, "ಬ್ಯಾಡ, ಸಾಹೇಬ್ರು ಹೊಡೀತಾರ" ಅಂದಳು.

ಹುಲುಗಮ್ಮ, "ತೆಗೀಬೇಕವ್ವ. ಆಕಿ ಒದ್ದಾಡೋದು ನೋಡ್ಕಂತ ಹೆಂಗ ನಿಂದ್ರತಾನ?" ಅಂದಳು.

ಹೂ ಒಯ್ಯಲು ಬಂದಿದ್ದ ವ್ಯಾಪಾರಿ ಪಾಲಾಕ್ಷಪ್ಪ, "ತೆಗೀಬಾರ್ದು. ರೈಲಿನಾಗ ಎಷ್ಟು ಮಂದಿ ಅದಾರ! ಬಿದ್ರ ಮತ್ತ ತುಂಬ್ಕೊಳ್ಳಾಕ ಅವರೇನು ಹೂವಿನ ಬುಟ್ಟೇನು?" ಅಂದ.

"ಒಂದು ಹಡದಿದ್ರ ಗೊತ್ತಾಗ್ತಿತ್ತು ನಿಂಗ!" ಎಂದಳು ಹುಲುಗಮ್ಮ. ಕಟ್ಟೆಗೆ ಕಟ್ಟೆಯೇ ನಕ್ಕಿತು. ನಾನೂ ನಕ್ಕೆ, ಎಷ್ಟೋ ದಿನದ ಮೇಲೆ.

ಆಗ ಕ್ರಾಂತಿ ಹೇಳಿದ್ದು ನೋಡು: "ಯವ್ವಾ, ಕೂಸಿಂದೂ ಪಾಲಾಕ್ಷಪ್ಪಂದೂ ಒಂದೇ ಉತ್ತರ, ಮೆಟ್ಲು ಬ್ಯಾರೆ. ತೆಗೀಬೇಕು, ಬ್ಯಾಡ ಅನ್ನೋದಲ್ಲ, ಯಾಕ ಅನ್ನೋದನ್ನ ನೋಡ್ಬೇಕು."

ಈ ಮೆಟ್ಟಿಲು ಕಟ್ಟಿದ ಪಂಡಿತರ ಮೇಲೇ ಒಬ್ಬ ವಿದುಷಿ ಜಗಳ ತೆಗೆದಿದ್ದಾಳಂತೆ. ಅದನ್ನು ಬರೀ ಗಂಡುಹುಡುಗರನ್ನು ಕೇಳಿ ಕಟ್ಟಿದ್ದೀರಿ, ಯಾರಿಗೆ ನೋವಾಗುತ್ತದೆ ಎಂದು ಮರುಗುವುದೂ ಯೋಚನೆಯೇ ಅಲ್ಲವೇ ಎಂದಳಂತೆ. ಹುಲುಗಮ್ಮನಿಗೆ ಹೇಳಿದರೆ, "ಆಕೀನ ಕರಕೊಂಡು ಬಾ, ಒಂದು ಮಾರು ಮಲ್ಲಿಗಿ ಮುಡಿಸ್ತೀನಿ" ಅಂದಳು.

ಕೊನೆಗೆ ಕ್ರಾಂತಿ ನನ್ನನ್ನೂ ಕೇಳಿದಳು. "ತೆಗೀಬೇಕು" ಅಂದೆ. "ಯಾಕ?" ಅಂದಳು. ಹೂ ಅಲ್ಲೇ ಬಿಟ್ಟು ಎದ್ದು ಬಂದು ಈ ಕಾಗದ ಬರೆಯಲು ಕೂತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಓಡಿಸುವ ಬಸ್ಸು, ಅದರಲ್ಲಿ ಕೂತವರು ಎಲ್ಲರೂ ಸುಖವಾಗಿ ಊರು ಮುಟ್ಟಲಿ.

ನಿನ್ನ ಅಕ್ಕ
ನಾಗರತ್ನ

ಮರೆತದ್ದು: ಅವತ್ತು ಕಾನಹೊಸಹಳ್ಳಿ ದಾಟಿದ ಮೇಲೆ ನಿನ್ನ ಬಸ್ಸಿನಲ್ಲೇ ನಿನ್ನ ಭಾವನಿಗೆ ಎದೆನೋವು ಬಂತು. ಗಾದಿಲಿಂಗ ಹಿಂದಿನ ಹತ್ತಿರದ ಆಸ್ಪತ್ರೆಗೆ ಬಸ್ ತಿರುಗಿಸಲಿಲ್ಲ, ಸೀದಾ ಕೂಡ್ಲಿಗಿಗೇ ಬಿಟ್ಟ, ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು ಎಂದು ಎಲ್ಲರೂ ಹೇಳಿದರು. ಯಾಕೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮೇಲಿನವರ ಹೆದರಿಕೆಯೋ, ಬಸ್ಸಿನ ತುಂಬ ಇದ್ದ ಮಂದಿಯೋ, ಕೂಡ್ಲಿಗಿಯ ಆಸ್ಪತ್ರೆ ದೊಡ್ಡದು ಅಂತಲೋ? ಯಾವುದಾದರೂ ಇರಲಿ, ನಾನು ಮೆಟ್ಟಿಲು ಅಳೆಯುವುದಿಲ್ಲ. ಬರುವ ಭಾನುವಾರ ಬಾ. ಕೂತು ಹೇಳು, ಕೇಳುತ್ತೇನೆ.