ಹಿತ್ತಲ ಗೋಡೆಯ ಕಿಂಡಿ

ಮೈಸೂರು
ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ, ೨೧೭೪

ಪೂಜ್ಯ ಇಂದುಮತಿ ಅಜ್ಜಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು ಮೇದಿನಿ ಮಾಡುವ ನಮಸ್ಕಾರಗಳು.

ಈ ತೇದಿಯನ್ನು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕಂಡೀತು. ನಿಮ್ಮ ಕಾಗದಪತ್ರಗಳನ್ನು ಓದಿ ಓದಿ ನಿಮ್ಮಂತೆ ಬರೆಯಲು ಕಲಿತವಳು ನಾನು. ಬೀದಿಯಲ್ಲಿ ಹೀಗೆ ಮಾತನಾಡಿದರೆ ಮಕ್ಕಳು ನಗುತ್ತಾರೆ. ಭಾಷೆಯಲ್ಲಿ ತಪ್ಪಿದ್ದರೆ ಕ್ಷಮಿಸಿ. ಕ್ಷಮೆ ಕೇಳಬೇಕಾದ ದೊಡ್ಡ ವಿಷಯ ಬೇರೆಯೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಂತೋಷದ ಸುದ್ದಿ. ನಿಮ್ಮ ತಾತ ೧೯೩೧ರಲ್ಲಿ ಊರಾಚೆಯ ಹೊಸ ಬಡಾವಣೆಯಲ್ಲಿ ಕಟ್ಟಿಸಿದ ‘ವಿಶ್ರಾಂತಿ’ ಬಂಗಲೆ ಇನ್ನೂ ನಿಂತಿದೆ. ಆ ರಸ್ತೆಯಲ್ಲಿ ಉಳಿದಿರುವ ಹಳೆಯ ಮನೆ ಅದೊಂದೇ. ಮಿಕ್ಕ ಕಡೆಯೆಲ್ಲ ಗೂಡುಸಾಲುಗಳು ಎದ್ದಿವೆ. ಗೂಡುಸಾಲೆಂದರೆ ಒಂದರ ಮೇಲೊಂದು ಪೇರಿಸಿದ ಒಂಟಿ ಕೋಣೆಗಳು. ನಾನೂ ಅಂಥದ್ದರ ಹನ್ನೊಂದನೆಯ ಅಂತಸ್ತಿನಲ್ಲಿದ್ದೇನೆ. ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಬಿಸಿಲಿನಲ್ಲಿ ಯಾರೂ ಓಡಾಡುವಂತಿಲ್ಲ. ಅದಕ್ಕೆ ನೆರಳುಹೊತ್ತು ಎನ್ನುತ್ತೇವೆ. ಹತ್ತೂವರೆಗೇ ಬೀದಿಯ ಜನ ಚಾಪೆ ಕಂಕುಳಲ್ಲಿ ಇಟ್ಟುಕೊಂಡು ನಿಮ್ಮ ಹಾಲಿಗೆ ಬರುತ್ತಾರೆ. ಹದಿನಾಲ್ಕು ಅಡಿ ಎತ್ತರದ ಮದರಾಸು ತಾರಸಿ, ಗೋಡೆಯ ತುದಿಯ ಗವಾಕ್ಷಿಗಳು, ಕೆಂಪು ಗಾರೆಯ ನೆಲ. ಯಾವ ಯಂತ್ರವೂ ಇಲ್ಲದೆ ಆ ಹಾಲು ತಣ್ಣಗಿರುತ್ತದೆ. ಮಕ್ಕಳು ಅಂಗಿ ಬಿಚ್ಚಿ ನೆಲಕ್ಕೆ ಬೆನ್ನು ಒತ್ತಿ ಮಲಗುತ್ತಾರೆ, ಬಾಗಿಲ ಮೇಲಿನ ಬಣ್ಣದ ಗಾಜಿನ ಬೆಳಕು ಅವರ ಹೊಟ್ಟೆಯ ಮೇಲೆ ಬೀಳುತ್ತದೆ. ಅದನ್ನು ನೋಡಿದಾಗಲೆಲ್ಲ ನಿಮ್ಮ ತಾತನಿಗೆ ಕೈಮುಗಿಯಬೇಕು ಅನಿಸುತ್ತದೆ.

ಇಂಥ ಮನೆಗಳನ್ನು ಕೆಡವದಂತೆ ಕಾಯಲು ನಮ್ಮಲ್ಲೊಂದು ಕಾನೂನಿದೆ. ಕಾಯಬೇಕೆಂದು ಗೊತ್ತುಮಾಡಿದ ಮನೆಗೆ ಉಳಿಮನೆ ಎಂದು ಹೆಸರು. ಹಾಗೆ ಗೊತ್ತುಮಾಡಲು ಮನೆಯ ಪ್ರತಿ ಬಾಗಿಲನ್ನೂ ಕಿಂಡಿಯನ್ನೂ ಪಟ್ಟಿಯಲ್ಲಿ ಬರೆದು, ಎದುರಿಗೆ ಅದನ್ನು ಬಳಸಿದವರ ಹೆಸರು ಹಾಕಬೇಕು. ಜನರಿಲ್ಲದ ಬಾಗಿಲಿಗೆ ಏನು ಬೆಲೆ ಎಂಬುದು ಕಾನೂನು ಮಾಡಿದವರ ಪ್ರಶ್ನೆ. ಪಟ್ಟಿ ಬರೆಯುವುದೇ ನನ್ನ ಉದ್ಯೋಗವಾದ್ದರಿಂದ ನಮ್ಮ ಮನೆಯದನ್ನೂ ನಾನೇ ಬರೆದೆ. ನಿಜ ಹೇಳಬೇಕೆಂದರೆ ಬರೆಯಲಿಲ್ಲ, ನಕಲು ಮಾಡಿದೆ. ಪಾರಂಪರಿಕ ಕಟ್ಟಡವೆಂದು ಪರಿಗಣಿಸಬೇಕೆಂದು ಕೋರಿ ನೀವು ಈ ತಿಂಗಳು, ನನಗಿಂತ ನೂರೈವತ್ತು ವರ್ಷ ಹಿಂದೆ ಕೂತು, ಬರೆಯುತ್ತಿರುವ ಮೂರು ಹಾಳೆಯ ಅರ್ಜಿ ನನ್ನ ಹತ್ತಿರ ಇದೆ. ತೇಗದ ಮುಂಬಾಗಿಲು, ಪೋರ್ಟಿಕೋ, ಆ ಮುಂಬಾಗಿಲಲ್ಲಿ ಬಂದುಹೋದ ದೊಡ್ಡ ದೊಡ್ಡವರು, ಎಲ್ಲ ಇದೆ. ಪಕ್ಕದ ಬಾಗಿಲನ್ನು ಮೂತಿಯಿಂದ ತಳ್ಳಿ ತೆರೆಯುತ್ತಿದ್ದ ನಾಯಿಯ ಹೆಸರು ಟೈಗರ್ ಎಂದೂ ಇದೆ. ಒಟ್ಟು ಹದಿಮೂರು ಬಾಗಿಲು. ನಾನೂ ಹದಿಮೂರೇ ಬರೆದೆ.

ಹದಿನಾಲ್ಕನೆಯದು ನಿಮಗೆ ಗೊತ್ತು. ಹಿತ್ತಲ ಗೋಡೆಯಲ್ಲಿ, ಮೊಣಕಾಲೆತ್ತರದಲ್ಲಿ, ತಗಡಿನ ಮುಚ್ಚಳದ ಕಿಂಡಿ. ಫ್ಲಶ್ ಬರುವ ಮುಂಚೆ ದಿನಾ ಬೆಳಗ್ಗೆ ಹಿಂದಿನ ಓಣಿಯಿಂದ ಒಬ್ಬ ಹೆಂಗಸು ಬಗ್ಗಿ, ಆ ಕಿಂಡಿಯೊಳಗೆ ಕೈಹಾಕಿ, ಕಕ್ಕಸಿನ ಬಕೆಟ್ಟನ್ನು ಎಳೆದುಕೊಂಡು ಹೋಗುತ್ತಿದ್ದಳು. ಮುಂದಿನ ಪೋರ್ಟಿಕೋದ ಘನತೆಯೆಲ್ಲ ಹಿಂದಿನ ಆ ಕಿಂಡಿಯ ಮೇಲೆ ನಿಂತಿತ್ತು. ಕಾನೂನಿನ ಪ್ರಕಾರ ಬೀದಿಯವರು ಪಟ್ಟಿ ಪರಿಶೀಲಿಸಲು ಬರುವ ನಾಲ್ಕು ದಿನ ಮೊದಲು ನಾನು ಗಾರೆಯವನನ್ನು ಕರೆಸಿ ಅದನ್ನು ಮುಚ್ಚಿಸಿದೆ. ಮೇಲೆ ಮಲ್ಲಿಗೆ ಬಳ್ಳಿ ಎಳೆದು ಕಟ್ಟಿಸಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಬಂದ ಎಂಟು ಜನರಲ್ಲಿ ಹೊಂಬಾಳಮ್ಮನವರೂ ಇದ್ದರು. ಅವರು ನಮ್ಮ ಬಡಾವಣೆಯ ನೀರಗಂಟಿ. ಕೆರೆ ನೀರು ಹಂಚುವವರಿಗೆ ನಿಮ್ಮ ಹಿರಿಯರು ಇಟ್ಟಿದ್ದ ಆ ಹೆಸರು ನಮ್ಮಲ್ಲಿ ಮರಳಿ ಬಂದಿದೆ: ಅವರು ಗಂಟೆ ಹೊಡೆದರೇ ನಲ್ಲಿಯಲ್ಲಿ ನೀರು, ಅವರು ಎದುರಾದರೆ ಎಲ್ಲರೂ ಎದ್ದು ನಿಲ್ಲುತ್ತೇವೆ. ಮುಂಬಾಗಿಲು, ನೆಲ, ಗಾಜು ಎಲ್ಲವನ್ನೂ ನೋಡಿದ ಅವರು ನೇರ ಹಿತ್ತಲಿಗೆ ನಡೆದರು.

“ಇಲ್ಲೊಂದು ಕಿಂಡಿ ಇರ್ಬೇಕಲ್ಲವ್ವ,” ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರ ಬಾಯಿಂದ ಮಾತು ಬೀಳುವ ಮೊದಲೇ ನಾನು, “ಇಲ್ಲಮ್ಮ, ಈ ಮನೇಲಿ ಅಂಥದ್ದೇನೂ ಇರ್ಲೇ ಇಲ್ಲ,” ಎಂದುಬಿಟ್ಟೆ.

ಹೊಂಬಾಳಮ್ಮನವರು ಬಳ್ಳಿ ಸರಿಸಿ ಗೋಡೆಗೆ ಅಂಗೈ ಇಟ್ಟರು. “ಗಾರೆ ಇನ್ನೂವೆ ಹಸಿ ಐತೆ ಕಣವ್ವ,” ಎಂದರು. ದನಿ ಎತ್ತಲಿಲ್ಲ. “ನಮ್ಮಜ್ಜಿಯ ಅಜ್ಜಿಗೆ ಅವ್ರಜ್ಜಿ ತೋರ್ಸಿದ್ರಂತೆ. ಬಣ್ಣದ ಗಾಜಿನ ಮನೆ, ಹಿಂದ್ಗಡೆ ಕಿಂಡಿ, ನಾನು ದಿನಾ ಬರ್ತಿದ್ದುದು ಇಲ್ಗೇಯ ಅಂತ. ಅವ್ರ ಹೆಸ್ರು ನಮ್ಮೋರ್ಗೂ ನೆಪ್ಪಿಲ್ಲ. ಒಂದು ಪಟ ಇಲ್ಲ. ಅವ್ರದು ಅಂತ ಉಳ್ಕೊಂಡಿದ್ದು ಈ ಕಿಂಡಿ ಒಂದೇಯ.”

ಅಜ್ಜಿ, ಭೂಮಿ ಬಾಯಿಬಿಡಬಾರದೇ ಅನಿಸಿತು. ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮಾರನೆಯ ದಿನ ಉಳಿ ಸುತ್ತಿಗೆ ಹಿಡಿದು ಕಿಂಡಿಯನ್ನು ನಾನೇ ಬಿಡಿಸಿದೆ, ಪಟ್ಟಿಯಲ್ಲಿ ಹದಿನಾಲ್ಕನೆಯ ಸಾಲು ಎಳೆದೆ, ಬೀದಿಯವರ ಮುಂದೆ ನಿಂತು ಸುಳ್ಳು ಹೇಳಿದೆನೆಂದು ಒಪ್ಪಿಕೊಂಡೆ. ಸುಳ್ಳು ಪಟ್ಟಿಯ ಮನೆಯನ್ನು ಕೆಡವಬಹುದೆಂದು ಕಾನೂನಿನಲ್ಲಿದೆ. ಬೇಡವೆಂದವರು ಹೊಂಬಾಳಮ್ಮನವರೇ. “ಕೆಡವ್ಬುಟ್ರೆ ಮಕ್ಳು ಎಲ್ಲಿ ಮನಿಕ್ಕೊತವೆ?” ಎಂದರು. ಹಾಗೆ ಮನೆ ಉಳಿಯಿತು. ಆದರೆ ಆ ದಿನದಿಂದ ಅವರು ನೆರಳುಹೊತ್ತಿಗೆ ಒಳಗೆ ಬರುವುದಿಲ್ಲ. ಗಂಟೆ ಹೊಡೆದು, ಎದುರಿನ ಗೂಡುಸಾಲಿನ ಗೋಡೆಗೆ ಒರಗಿ, ಆ ಅಂಗೈ ಅಗಲದ ನೆರಳಿನಲ್ಲಿ ಕೂತಿರುತ್ತಾರೆ. ಅರವತ್ತು ದಾಟಿದ ಜೀವ. ನಾನು ಬಂಗಲೆಯ ಕಿಟಕಿಯಿಂದ ನೋಡುತ್ತೇನೆ, ಹೋಗಿ ಕರೆಯಲು ಮುಖವಿಲ್ಲ.

ಹದಿನಾಲ್ಕನೆಯ ಸಾಲಿನ ಎದುರು ಹೆಸರಿಲ್ಲ. ಆ ಹೆಸರಿಗಾಗಿ ಮನೆಯ ಕಾಗದವನ್ನೆಲ್ಲ ಜಾಲಾಡಿದೆ. ಕೊನೆಗೆ ಸಿಕ್ಕಿದ್ದು ನಿಮ್ಮ ಅರ್ಜಿಯ ಕರಡು. ಅದರ ಎರಡನೆಯ ಹಾಳೆಯಲ್ಲಿ ನೀವು, “ಹಿತ್ತಲ ಕಿಂಡಿಗೆ ದಿನಾ ಬರುತ್ತಿದ್ದ” ಎಂದು ಶುರುಮಾಡಿ, ಹೆಸರು ಬರೆದು, “ಗೋಡೆಯ ಆಚೆಯಿಂದಲೇ ನನಗೆ ಮಲ್ಲಿಗೆ ಮೊಗ್ಗು ಎಣಿಸಲು ಕಲಿಸಿದಳು. ಮಾತಾಡಿದ್ದು ಗೊತ್ತಾದರೆ ಅಮ್ಮ ತಲೆಗೆ ನೀರು ಹಾಕಿಸುತ್ತಿದ್ದಳು” ಎಂದು ಮುಂದುವರಿಸಿದ್ದೀರಿ. ಆಮೇಲೆ ಇಡೀ ವಾಕ್ಯಕ್ಕೆ ಒಂದು ಗೆರೆ ಎಳೆದಿದ್ದೀರಿ. ಹೆಸರಿನ ಮೇಲೆ ಮಾತ್ರ ಪೆನ್ನು ಎಷ್ಟು ಸಲ ಆಡಿದೆಯೆಂದರೆ ಕಾಗದವೇ ತೂತಾಗಿದೆ. ಮಸಿಯ ಅಡಿಯ ಅಕ್ಷರ ಓದುವ ಮಸಿಗನ್ನಡಿ ಎಂಬ ಯಂತ್ರ ನಮ್ಮಲ್ಲಿದೆ. ಇಲ್ಲದ ಕಾಗದವನ್ನು ಅದು ಹೇಗೆ ಓದೀತು?

ನಿಮ್ಮನ್ನು ದೂರುತ್ತಿಲ್ಲ. ನೀವು ಹೊಡೆದುಹಾಕಿದ್ದು ನಾಚಿಕೆಯಿಂದ, ನಾನು ಗಾರೆ ಮೆತ್ತಿಸಿದ್ದೂ ನಾಚಿಕೆಯಿಂದ. ನಾಚಿಕೆ ಪಡಬೇಕಾದ್ದು ನಾವು, ಅಳಿಸಿಹೋದದ್ದು ಮಾತ್ರ ಅವರ ಹೆಸರು.

ಅರ್ಜಿಯಲ್ಲಿ ಸೇರಿಸದಿದ್ದರೂ ಚಿಂತೆಯಿಲ್ಲ. ಕರಡಿನಲ್ಲಿ ಆ ಹೆಸರಿನ ಹತ್ತಿರ ಪೆನ್ನು ಹೋದಾಗ ಒಂದು ಗಳಿಗೆ ಕೈ ತಡೆಯಿರಿ. ಅಷ್ಟೇ ನನ್ನ ಬೇಡಿಕೆ. ಹೆಸರು ಸಿಕ್ಕ ದಿನ ರಸ್ತೆ ದಾಟಿ ಹೋಗಿ, ಹೊಂಬಾಳಮ್ಮನವರ ಕಿವಿಗೆ ಅದನ್ನು ಹೇಳಿ, ಒಳಗೆ ಬನ್ನಿ ಎಂದು ಕರೆಯುವ ಧೈರ್ಯ ನನಗೆ ಬಂದೀತು.

ಈ ಕಾಗದ ನಿಮ್ಮನ್ನು ಮುಟ್ಟಿದರೆ ಆ ಹಾಳೆ ಬದಲಾಗಬೇಕು. ಬರೆಯುವ ಯೋಚನೆ ಬಂದಾಗಿನಿಂದ ದಿನಾ ಬೆಳಗ್ಗೆ ಪೆಟ್ಟಿಗೆಯಿಂದ ಅದನ್ನು ತೆಗೆದು, ಬೆಳಕಿಗೆ ಹಿಡಿದು ನೋಡುತ್ತಿದ್ದೇನೆ.

ಇವತ್ತೂ ತೂತೇ ಇತ್ತು.

ನಿಮ್ಮ
ಮೇದಿನಿ